ಪಾಸ್ತಾ, ಶಾವಿಗೆ, ಸೀಮೆಬದನೆ: ಮೂವರು ಗೆಳತಿಯರು ಎಂಟು ಭಾನುವಾರ ತಿಂದು ನೋಡಿದ್ದು

ವಿಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಮೂವರಿದ್ದೇವೆ. ಒಬ್ಬಳು ಮಂಡ್ಯದವಳು, ಇನ್ನೊಬ್ಬಳು ವಿಜಯಪುರದವಳು, ನಾನು ತೀರ್ಥಹಳ್ಳಿ ಕಡೆಯವಳು. ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ರಾಗಿ, ಜೋಳ, ಅಕ್ಕಿ ಮೂರೂ ಡಬ್ಬಿ ಯಾವಾಗಲೂ ತುಂಬಿರುತ್ತವೆ. ಮೂವರಿಗೂ ಸಮನಾಗಿ ಇಷ್ಟ ಆಗುವುದು ಮಾತ್ರ ಪಾಸ್ತಾ.

ಕಳೆದ ವರ್ಷ ಮಂಡ್ಯದ ಗೆಳತಿಗೆ ರಕ್ತದಲ್ಲಿ ಸಕ್ಕರೆ ಅಂಚಿನಲ್ಲಿದೆ ಅಂತ ಗೊತ್ತಾಯಿತು. ಅವತ್ತೇ ಅವಳು ಪಾಸ್ತಾ ಬಿಡುತ್ತೇನೆ ಅಂದಳು. ನಮಗೆ ಬೇಸರವಾಯಿತು. ಅವಳನ್ನು ಕೂರಿಸಿಕೊಂಡು ನಾವಿಬ್ಬರೇ ತಿನ್ನುವುದು ಹೇಗೆ? ಪೂರ್ತಿ ಬಿಡುವ ಮೊದಲು ಬದಲಿಗೆ ಏನೇನಿದೆ ಅಂತ ತಿಂದೇ ನೋಡೋಣ ಅಂತ ತೀರ್ಮಾನ ಮಾಡಿದೆವು.

ಭಾನುವಾರಕ್ಕೊಂದು ಬಗೆ. ಒಣ ಪಾಸ್ತಾ ಅಥವಾ ಶಾವಿಗೆ ಆದರೆ ತಲೆಗೆ 80 ಗ್ರಾಂ, ತರಕಾರಿ ಆದರೆ 200 ಗ್ರಾಂ. ಎಲ್ಲಕ್ಕೂ ಒಂದೇ ಸಾಸ್: ಹುಳಿ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಉಪ್ಪು, ಸ್ವಲ್ಪ ಒಣಮೆಣಸಿನಕಾಯಿ. ಸಾಸ್ ಒಂದೇ ಇದ್ದರೆ ಹೋಲಿಕೆ ನ್ಯಾಯವಾಗಿರುತ್ತದೆ ಅಂದುಕೊಂಡಿದ್ದೆವು. ಅದು ತಪ್ಪು ಅಂತ ಗೊತ್ತಾಗಲು ಮೂರು ವಾರ ಬೇಕಾಯಿತು.

ಮೊದಲ ವಾರ ಸಾದಾ ಪಾಸ್ತಾವನ್ನೇ ಬೇಯಿಸಿದೆವು. ಉಳಿದದ್ದನ್ನು ಅಳೆಯಲು ಒಂದು ಅಳತೆಗೋಲು ಬೇಕಲ್ವಾ. ಅದರಲ್ಲೂ ಎರಡು ಬಗೆ ತಂದೆವು. ಒಂದು ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಮ್ಯಾಕರೋನಿ, ಇನ್ನೊಂದು ಡ್ಯುರಮ್ ಗೋಧಿ ರವೆಯ ಪಾಸ್ತಾ. ನೋಡಿದರೇ ವ್ಯತ್ಯಾಸ ಕಾಣುತ್ತದೆ. ಡ್ಯುರಮ್ ಪಾಸ್ತಾ ನಮ್ಮ ಬನ್ಸಿ ರವೆಯ ಹಾಗೆ ತಿಳಿಹಳದಿ, ಬಿಡಿ ಮ್ಯಾಕರೋನಿ ಬೆಳ್ಳಗೆ. ಬಿಡಿಯದು ಒಂದೆರಡು ನಿಮಿಷ ಜಾಸ್ತಿ ಬೆಂದರೆ ಸಾಕು, ಅಂಟಂಟಾಗಿ ಮುದ್ದೆಯಾಯಿತು. ಡ್ಯುರಮ್ ಗೋಧಿ ಗಟ್ಟಿ ಜಾತಿಯದು. ಅದರಲ್ಲಿರುವ ಗ್ಲುಟೆನ್ ಅನ್ನುವ ಅಂಟು ಪಿಷ್ಟವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯುರಮ್ ಗೋಧಿಯಿಂದಲೇ ಮಾಡಬೇಕು ಅಂತ 1967ರಲ್ಲಿ ಕಾನೂನೇ ಬಂತು. ತಿಂದ ಮೇಲೆ ಆ ಕಾನೂನು ಸರಿ ಅನ್ನಿಸಿತು.

ಬೇಯಿಸುವ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 100 ಗ್ರಾಂ ಪಾಸ್ತಾಗೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು. ಇದು ಇಟಲಿಯವರ ಹಳೆಯ ಲೆಕ್ಕ. ಆ ನೀರಿನ ಬಹುಪಾಲು ಬಸಿದು ಹೋಗುವುದರಿಂದ ಉಪ್ಪು ಅಷ್ಟೂ ಹೊಟ್ಟೆಗೆ ಹೋಗುವುದಿಲ್ಲ. ನಾವು 7 ಗ್ರಾಂ ಹಾಕಿದೆವು, ಸಾಕಾಯಿತು.

ಎರಡನೇ ವಾರ ಹೋಲ್ ವೀಟ್, ಅಂದರೆ ತವುಡು ತೆಗೆಯದ ಗೋಧಿಯ ಪಾಸ್ತಾ. ಇದರ ಮೇಲೆ ನಮಗೆ ಬಹಳ ಆಸೆಯಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿ ನೋಡಿದರೆ 100 ಗ್ರಾಂ ಮೈದಾದಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಗೋಧಿ ಹಿಟ್ಟಿನಲ್ಲಿ 11 ಗ್ರಾಂ ದಾಟುತ್ತದೆ. ಆದರೆ ನಾಲಿಗೆ ಪಟ್ಟಿ ಓದುವುದಿಲ್ಲ. ಟೊಮೆಟೊ ಹುಳಿಯ ಜೊತೆ ತವುಡಿನ ಸಣ್ಣ ಕಹಿ ಸೇರಿ, ಬಾಯಲ್ಲಿ ಒಗರು ಉಳಿಯಿತು. ಮಂಡ್ಯದವಳು ತಟ್ಟೆ ಪಕ್ಕಕ್ಕಿಟ್ಟು, "ಇದನ್ನ ತಿನ್ನೋದಕ್ಕಿಂತ ಒಂದು ಮುದ್ದೆ ನುಂಗೋದೇ ವಾಸಿ ಕಣೇ" ಅಂದಳು.

ಮೂರನೇ ವಾರ ಅವಳ ಮಾತಿನಂತೆ ರಾಗಿ. ಅಂಗಡಿಯಿಂದ ಒಂದು ಪೊಟ್ಟಣ ರಾಗಿ ಶಾವಿಗೆ ತಂದು, ಮನೆಗೆ ಬಂದ ಮೇಲೆ ಹಿಂಬದಿ ಓದಿದರೆ ಮೊದಲ ಹೆಸರೇ ಗೋಧಿ ಹಿಟ್ಟು, ರಾಗಿ ಎರಡನೆಯದು. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕ್ರಮದಲ್ಲೇ ಬರೆಯಬೇಕು ಅಂತ ನಮ್ಮ ಆಹಾರ ಕಾಯಿದೆ ಹೇಳುತ್ತದೆ. ಆ ಒಂದು ಸಾಲು ಓದದೆ ದುಡ್ಡು ಕೊಡಬೇಡಿ. ಮಿಶ್ರಣ ಮಾಡಲು ಕಾರಣವೂ ಇದೆ. ರಾಗಿಯಲ್ಲಿ ಗೋಧಿಯ ಅಂಟು ಇಲ್ಲ, ಎಳೆ ಹಿಡಿಯುವುದಿಲ್ಲ, ಮುರಿಯುತ್ತದೆ. ಆಮೇಲೆ ಹುಡುಕಿ ರಾಗಿಯೇ ಹೆಚ್ಚಿರುವ ಶಾವಿಗೆ ತಂದೆವು. ಅದನ್ನು ಕುದಿಯುವ ನೀರಿಗೆ ಹಾಕಬಾರದು. ಉಪ್ಪು ಹಾಕಿದ ತಣ್ಣೀರಿನಲ್ಲಿ ಮೂರು ನಿಮಿಷ ನೆನೆಸಿ, ಬಸಿದು, ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಬೆಂದ ಶಾವಿಗೆ ಚೆನ್ನಾಗಿಯೇ ಇತ್ತು. ಟೊಮೆಟೊ ಸಾಸ್ ಕಲಸಿದ ಕೂಡಲೇ ಎಳೆಯೆಲ್ಲ ಮುರಿದು, ಬಣ್ಣ ಕೆಮ್ಮಣ್ಣಿನ ಹಾಗಾಗಿ, ಮೂವರಿಗೂ ಅರ್ಧಕ್ಕೇ ಸಾಕಾಯಿತು.

ಆ ಮಧ್ಯಾಹ್ನ ಉಳಿದ ಶಾವಿಗೆಯನ್ನು ಚೆಲ್ಲಲು ಮನಸ್ಸಾಗಲಿಲ್ಲ. ರಾತ್ರಿ ಮಂಡ್ಯದವಳು ಅದರ ಮೇಲೆ ಹಿಂದಿನ ದಿನದ ಹುರುಳಿಕಾಳಿನ ಬಸ್ಸಾರು ಬಿಸಿ ಮಾಡಿ ಸುರಿದಳು. ಮೇಲೊಂದು ಚಮಚ ತುಪ್ಪ. ಮಧ್ಯಾಹ್ನ ಬೇಡವೆಂದಿದ್ದ ಅದೇ ಶಾವಿಗೆಯನ್ನು ನಾವು ಪಾತ್ರೆಯ ತಳ ಕೆರೆದು ತಿಂದೆವು. ತಪ್ಪು ಶಾವಿಗೆಯದ್ದಲ್ಲ, ಸಾಸಿನದು. ಹಾಗಾದರೆ ಹೋಲ್ ವೀಟ್ ಪಾಸ್ತಾಗೂ ನಾವು ಅನ್ಯಾಯ ಮಾಡಿದ್ದೆವು ಅಂತಾಯಿತು.

ಹಾಗಾಗಿ ನಾಲ್ಕನೇ ವಾರ ಅದನ್ನೇ ಮತ್ತೆ ಬೇಯಿಸಿದೆವು. ಈ ಸಲ ಟೊಮೆಟೊ ಇಲ್ಲ. ವಿಜಯಪುರದವಳು ತನ್ನ ಡಬ್ಬಿಯಿಂದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ತೆಗೆದಳು. ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗೆ ಹುರಿದು, ಉರಿ ಆರಿಸಿ, ಮೂರು ಚಮಚ ಹಿಂಡಿ ಹಾಕಿ, ಪಾಸ್ತಾ ಬಸಿದ ನೀರು ಅರ್ಧ ಲೋಟ ಸೇರಿಸಿ ಕಲಸಿದಳು. ಬಸಿದ ನೀರಿನ ಪಿಷ್ಟದಿಂದ ಹಿಂಡಿ ಸಾಸಿನ ಹಾಗೆ ಎಳೆಗೆ ಹತ್ತಿಕೊಂಡಿತು. ಒಗರು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಶೇಂಗಾದ ಎಣ್ಣೆಯಂಶ, ಬೆಳ್ಳುಳ್ಳಿಯ ಘಾಟು, ಖಾರ ಇವುಗಳ ಮುಂದೆ ತವುಡಿನ ರುಚಿ ಹಿತವಾಗಿ, ಹುರಿದ ಗೋಧಿಯ ಪರಿಮಳದಂತೆ ಬಂತು. ಇಟಲಿಯವರಿಗೂ ಇದು ಗೊತ್ತಿರುವ ವಿಷಯವೇ. ವೆನಿಸ್ ಕಡೆ ಬಿಗೋಲಿ ಅನ್ನುವ ದಪ್ಪ ಕಂದು ಪಾಸ್ತಾ ಇದೆ, ಹಿಂದಿನಿಂದ ತವುಡಿರುವ ಗೋಧಿ ಹಿಟ್ಟಿನಲ್ಲೇ ಮಾಡುವುದು. ಅದಕ್ಕೆ ಅವರು ಹಾಕುವುದು ಈರುಳ್ಳಿ ಮತ್ತು ಉಪ್ಪು ಹಾಕಿಟ್ಟ ಸಣ್ಣ ಮೀನಿನ ಜೋರು ರುಚಿಯ ಸಾಸ್.

ತರಕಾರಿಗೆ ಎರಡು ಭಾನುವಾರ ಕೊಟ್ಟೆವು. ಎಲ್ಲರೂ ಹೇಳುವುದು ಜುಕಿನಿ. ನಮ್ಮ ಮಾರ್ಕೆಟ್ಟಿನಲ್ಲಿ ಎಲ್ಲ ದಿನ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅದರಲ್ಲಿ ಹೆಚ್ಚುಕಡಿಮೆ ಶೇ 95 ನೀರು. ಉಪ್ಪು ಸವರಿ ಇಪ್ಪತ್ತು ನಿಮಿಷ ಬಿಟ್ಟು ಹಿಂಡಿದರೂ ತಟ್ಟೆಯಲ್ಲಿ ಸಾಸ್ ನೀರಾಯಿತು. ಸೋರೆಕಾಯಿ ಇನ್ನೂ ಮೆತ್ತಗೆ. ಪಡುವಲಕಾಯಿಯನ್ನು ತಿರುಳು ತೆಗೆದು ಕೊಳವೆಯಂತೆ ಕತ್ತರಿಸಿದರೆ ನೋಡಲು ಥೇಟ್ ಪೆನ್ನೆ ಪಾಸ್ತಾ, ಆದರೆ ಅದರ ವಾಸನೆ ಟೊಮೆಟೊ ಜೊತೆ ಹೊಂದಲಿಲ್ಲ. ಬಾಳೆದಿಂಡು ಬೇಡವೇ ಬೇಡ. ನಾರು ಬೆರಳಿಗೆ ಸುತ್ತಿ ತೆಗೆದು ಸಾಕಾಗುತ್ತದೆ, ಅದು ಕೋಸಂಬರಿಗೇ ಸರಿ. ನವಿಲುಕೋಸು ಪರವಾಗಿಲ್ಲ, ಸ್ವಲ್ಪ ಸಿಹಿ.

ಗೆದ್ದಿದ್ದು ಸೀಮೆಬದನೆಕಾಯಿ. ತಮಿಳರು ಇದನ್ನು ಬೆಂಗಳೂರು ಬದನೆ ಅಂತಲೇ ಕರೆಯುತ್ತಾರೆ, ಮೂಲ ಮಾತ್ರ ಮೆಕ್ಸಿಕೊ ಕಡೆಯದು. ಹುಳಿಗೆ, ಸಾಗುಗೆ ಹಾಕಿ ಸುಮ್ನೆ ಮರೆತುಬಿಡುವ ತರಕಾರಿ. ಇದನ್ನು ಪೀಲರಿನಲ್ಲಿ ಉದ್ದುದ್ದ ಪಟ್ಟಿ ಎಳೆದು, ಉಪ್ಪು ನೀರಿನಲ್ಲಿ ಎರಡೇ ನಿಮಿಷ ಕುದಿಸಿ ಬಸಿದರೆ ಒಳಗೆ ಗಟ್ಟಿತನ ಉಳಿಯುತ್ತದೆ. ಕಚ್ಚಿದರೆ ಹಲ್ಲಿಗೆ ಸಿಗುತ್ತದೆ. ನೀರು ಬಿಡುವುದು ಕಡಿಮೆ, ತನ್ನದೇ ರುಚಿ ಸೌಮ್ಯ, ಸಾಸಿಗೆ ಜಾಗ ಬಿಟ್ಟುಕೊಡುತ್ತದೆ. ಸಿಪ್ಪೆ ತೆಗೆಯುವಾಗ ಕೈಗೆ ಅಂಟು ಮೆತ್ತುತ್ತದೆ, ಮೊದಲೇ ಎಣ್ಣೆ ಸವರಿಕೊಳ್ಳಿ. ಮೊದಲ ಸಲ ನನ್ನ ಬೆರಳುಗಳು ಸಂಜೆವರೆಗೂ ಬಿಗಿದುಕೊಂಡಿದ್ದವು.

ಆದರೆ ಬರೀ ತರಕಾರಿ ತಿಂದ ಎರಡೂ ಭಾನುವಾರ ನಾಲ್ಕು ಗಂಟೆಗೇ ಹೊಟ್ಟೆ ಚುರುಗುಟ್ಟಿ, ಮೂವರೂ ಬಿಸ್ಕತ್ ಡಬ್ಬಿ ತೆರೆದೆವು. ಹಾಗಾದರೆ ಏನು ಉಳಿಸಿದ ಹಾಗಾಯಿತು? ಅದಕ್ಕೇ ಅರ್ಧ ಅರ್ಧ ಮಾಡಿದೆವು. ತಲೆಗೆ 40 ಗ್ರಾಂ ಡ್ಯುರಮ್ ಪಾಸ್ತಾ, ಒಂದು ಸೀಮೆಬದನೆ, ಮೇಲೆ ಒಂದು ಹಿಡಿ ಬೇಯಿಸಿದ ಕಡಲೆಕಾಳು. ಟೊಮೆಟೊ ಸಾಸಿಗೆ ಇದಕ್ಕಿಂತ ಒಳ್ಳೆಯದು ನಮಗೆ ಸಿಗಲಿಲ್ಲ. ತಟ್ಟೆ ತುಂಬಿ ಕಾಣುತ್ತದೆ, ಫೋರ್ಕಿಗೆ ಎರಡೂ ಒಟ್ಟಿಗೆ ಸುತ್ತಿಕೊಳ್ಳುತ್ತವೆ, ಸಂಜೆ ತನಕ ಹಸಿವಿಲ್ಲ.

ಹೂಕೋಸನ್ನು ತುರಿದು ಅನ್ನದ ಬದಲು ತಿನ್ನುವುದನ್ನೂ ಒಂದು ರಾತ್ರಿ ನೋಡಿದೆವು. ಚಿತ್ರಾನ್ನದ ಒಗ್ಗರಣೆಯಲ್ಲಿ ಅದು ಒಳ್ಳೆಯ ಪಲ್ಯ. ಅನ್ನ ಅಲ್ಲ. ಅದರ ಬದಲಿಗೆ ನವಣೆ ಅನ್ನ ನೂರು ಪಾಲು ವಾಸಿ.

ಏಳನೇ ಭಾನುವಾರ ವಿಜಯಪುರದವಳ ಸರದಿ. ಅವಳು ಮೊದಲಿನಿಂದಲೂ ಒಂದೇ ಮಾತು ಹೇಳುತ್ತಿದ್ದಳು: "ಇದೇನ ಹೊಸಾದಲ್ಲ ಬಿಡ. ನಮ್ಮವ್ವ ಬ್ಯಾಸಿಗ್ಯಾಗ ಮಣಿ ಮ್ಯಾಲ ಶಾವಿಗಿ ಹೊಸಿತಾಳಲ್ಲ, ಇದೂ ಅದ ಅದ." ನಿಜ. ಗೋಧಿ ಶಾವಿಗೆಯನ್ನು ಬೇಯಿಸಿ, ಬಸಿದು, ಹಾಲು ಬೆಲ್ಲ ತುಪ್ಪ ಹಾಕಿ ತಿನ್ನುವ ಊರಿನವಳಿಗೆ ಸ್ಪಗೆಟಿ ಯಾಕೆ ಬೆರಗು ಹುಟ್ಟಿಸಬೇಕು? ಗೌಲಿ, ಪರಡಿ, ಸೌತಿಬೀಜ ಅಂತ ಬೆರಳಲ್ಲೇ ಹಿಟ್ಟಿಗೆ ಆಕಾರ ಕೊಡುವ ಕೆಲಸ ಉತ್ತರ ಕರ್ನಾಟಕದ ಮನೆಗಳಲ್ಲಿ ಎಂದಿನಿಂದಲೋ ಇದೆ.

ಅವಳು ಮಾಡಿದ್ದು ಜೋಳದ ಕಡಬು. ಕುದಿಯುವ ಉಪ್ಪು ನೀರಿಗೆ ಜೋಳದ ಹಿಟ್ಟು ಹಾಕಿ, ಬಿಸಿ ಇರುವಾಗಲೇ ನಾದಿದಳು. ಜೋಳಕ್ಕೂ ಗೋಧಿಯ ಅಂಟಿಲ್ಲ, ಬಿಸಿನೀರಿನಲ್ಲಿ ಬೆಂದ ಪಿಷ್ಟವೇ ಹಿಟ್ಟನ್ನು ಹಿಡಿಯಬೇಕು. ಗೋಲಿಯಷ್ಟು ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಸಣ್ಣ ಗುಳಿ ಮಾಡಿ, ಹಬೆಯಲ್ಲಿ ಹನ್ನೆರಡು ನಿಮಿಷ ಬೇಯಿಸಿದಳು. ಊರಲ್ಲಿ ಇದಕ್ಕೆ ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ. ನಾವು ಅರ್ಧಕ್ಕೆ ಅದನ್ನು ಹಾಕಿ, ಇನ್ನರ್ಧಕ್ಕೆ ಹೆದರುತ್ತಲೇ ಟೊಮೆಟೊ ಸಾಸ್ ಹಾಕಿದೆವು. ಎಂಟು ವಾರದಲ್ಲಿ ನನಗೆ ಅತಿ ಖುಷಿ ಕೊಟ್ಟ ತುತ್ತು ಅದು. ಹೆಬ್ಬೆರಳಿನ ಗುಳಿಯಲ್ಲಿ ಸಾಸ್ ನಿಂತುಕೊಳ್ಳುತ್ತದೆ. ಇಟಲಿಯ ಬಾರಿ ಊರಿನ ಹಳೆಯ ಓಣಿಗಳಲ್ಲಿ ಹೆಂಗಸರು ಬಾಗಿಲ ಮುಂದೆ ಕೂತು ಒರೆಕ್ಕಿಯೆತ್ತೆ ಅನ್ನುವ ಪಾಸ್ತಾಗೆ ಹೆಬ್ಬೆರಳಿನಿಂದ ಗುಳಿ ಒತ್ತುವುದೂ ಹೀಗೆಯೇ. ಜೋಳದ ಸಣ್ಣ ಸಿಹಿ ಟೊಮೆಟೊ ಹುಳಿಯನ್ನು ಮೃದು ಮಾಡಿತು. ಇಡೀ ಧಾನ್ಯವೂ ಆಯಿತು, ಟೊಮೆಟೊ ಸಾಸಿಗೂ ಒಗ್ಗಿತು. ಹೋಲ್ ವೀಟ್ ಪಾಸ್ತಾ, ರಾಗಿ ಶಾವಿಗೆ ಎರಡೂ ಇಲ್ಲಿ ಸೋತಿದ್ದವು. ತೊಂದರೆ ಒಂದೇ, ಬಿಸಿ ಆರಿದರೆ ಗಟ್ಟಿಯಾಗುತ್ತದೆ. ಡಬ್ಬಿಗೆ ಹಾಕಿ ಆಫೀಸಿಗೆ ಒಯ್ಯುವ ತಿಂಡಿ ಅಲ್ಲ.

ಕೊನೆಯ ವಾರ ನಮ್ಮೂರಿನ ಒತ್ತು ಶಾವಿಗೆ, ಕಾಯಿಹಾಲಿನ ಜೊತೆ. ನನಗೆ ಇದರ ಮೇಲೆ ಪ್ರಾಣ. ಆದರೆ ಸಕ್ಕರೆ ಅಳೆಯುವ ಮೀಟರ್ ಬೇರೆ ಹೇಳಿತು. ಮಂಡ್ಯದವಳು ಪ್ರತಿ ಸಲ ಊಟದ ಎರಡು ಗಂಟೆಯ ನಂತರ ಬೆರಳು ಚುಚ್ಚಿ ನೋಡಿಕೊಂಡು ಬರೆದಿಡುತ್ತಿದ್ದಳು. ಅತಿ ಜಾಸ್ತಿ ಏರಿದ್ದು ಬೆಲ್ಲ ಹಾಕದೆ ತಿಂದ ಈ ಅಕ್ಕಿ ಶಾವಿಗೆಗೆ. ರಾಗಿ ಶಾವಿಗೆ ನಾವು ಅಂದುಕೊಂಡಷ್ಟು ಕಡಿಮೆ ಇರಲಿಲ್ಲ. ಅವಳು ಹೆದರಿ ಬಿಡಬೇಕೆಂದಿದ್ದ ಡ್ಯುರಮ್ ಪಾಸ್ತಾ ನಡುವೆ ನಿಂತಿತು. ಅತಿ ಕಡಿಮೆ ಬಂದದ್ದು ಅರ್ಧ ಅರ್ಧ ಮಾಡಿದ ತಟ್ಟೆಗೆ. ಇದು ಒಬ್ಬಳ ಮೈಯ ಲೆಕ್ಕ, ಎಲ್ಲರಿಗೂ ಹೀಗೇ ಅಂತ ನಾನು ಹೇಳುವುದಿಲ್ಲ. ಕಾರಣ ಮಾತ್ರ ಅರ್ಥವಾಗುವಂಥದ್ದು. ಪಾಸ್ತಾ ಒತ್ತಿ ಬಿಗಿ ಮಾಡಿದ ಹಿಟ್ಟು, ನಿಧಾನ ಕರಗುತ್ತದೆ, ಅದರ ಗ್ಲೈಸೆಮಿಕ್ ಸೂಚ್ಯಂಕ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಅಳತೆ, ಗ್ಲೂಕೋಸಿಗೆ 100) ಸುಮಾರು 50ರ ಆಸುಪಾಸು. ನುಣ್ಣಗೆ ಬೀಸಿದ ಹಿಟ್ಟು ಯಾವ ಧಾನ್ಯದ್ದಾದರೂ ಬೇಗ ಕರಗುತ್ತದೆ. ಹಾಗಂತ ರಾಗಿಯನ್ನು ನಾವು ಬಿಡಲಿಲ್ಲ. 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ ಇದೆ, ಬೇರೆ ಯಾವ ಧಾನ್ಯದಲ್ಲೂ ಅದರ ಹತ್ತಿರಕ್ಕೆ ಬರುವಷ್ಟಿಲ್ಲ.

ಈಗ ತಿಂಗಳಿಗೆ ಎರಡು ಸಲ ಸೀಮೆಬದನೆ ಸೇರಿಸಿದ ಪಾಸ್ತಾ, ಒಂದು ಸಲ ಜೋಳದ ಕಡಬು, ಬಸ್ಸಾರು ಮಾಡಿದ ದಿನ ರಾಗಿ ಶಾವಿಗೆ. ಹೋಲ್ ವೀಟ್ ಪಾಸ್ತಾ ಶೇಂಗಾ ಹಿಂಡಿ ಇದ್ದಾಗ ಮಾತ್ರ. ಒತ್ತು ಶಾವಿಗೆ ಹಬ್ಬಕ್ಕೆ, ಮಂಡ್ಯದವಳಿಗೆ ಒಂದು ಸೌಟು.

ಕಳೆದ ವಾರ ವಿಜಯಪುರದಿಂದ ಅವ್ವ ಒಂದು ಚೀಲ ಕಳಿಸಿದ್ದಾರೆ. ಜವೆ ಗೋಧಿಯ ಶಾವಿಗೆ, ಕಡ್ಡಿಯ ಮೇಲೆ ಒಣಗಿಸಿದ್ದು, ಕೂದಲಷ್ಟು ಸಣ್ಣ ಎಳೆ. ಹಿಟ್ಟನ್ನು ವಸ್ತ್ರಗಾಳಿ ಹಿಡಿದು, ಅಂದರೆ ತೆಳು ಬಟ್ಟೆಯಲ್ಲಿ ಸೋಸಿ ತವುಡು ತೆಗೆದಿರುವುದರಿಂದ ಇದು ಇಡೀ ಧಾನ್ಯ ಅಲ್ಲ. ಆದರೆ ಇಟಲಿಯವರು ಫಾರ್ರೊ ಅಂತ ಕರೆದು ಪಾಸ್ತಾ ಮಾಡುವ ಗೋಧಿ ಇದೇ ಜಾತಿಯದು. ನಮ್ಮಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರ ಹೊಸ ತಳಿಗಳನ್ನೂ ಕೊಟ್ಟಿದೆ. ಈ ಭಾನುವಾರ ಅದಕ್ಕೆ ಏನು ಹಾಕಬೇಕು ಅಂತ ಮೂವರಲ್ಲಿ ಇನ್ನೂ ಒಮ್ಮತವಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿದೆವು. "ಹಾಲು ತುಪ್ಪ ಹಾಕ್ಕೊಂಡು ತಿನ್ರಿ ಮೊದಲ, ಆಮ್ಯಾಲ ಏನರ ಮಾಡ್ರಿ" ಅಂದರು.