ಗಾಳಿ ಎಳೆಯುವ ಚೀಲ: ಶಿರಸಿಯ ಮೆತ್ತಿಗೆ ಸೈ, ಕಾರವಾರದ ಚೌತಿಗೆ ಕಷ್ಟ

ಈ ಚೀಲಕ್ಕೆ ಐದರಲ್ಲಿ ಮೂರೂವರೆ ಅಂಕ. ಘಟ್ಟದ ಮೇಲಿನವರು ಇದನ್ನು ನಾಲ್ಕು ಅಂತ ಓದಿಕೊಳ್ಳಿ, ಕೆಳಗಿನವರು ಮೂರು ಅಂತ.

ರಗ್ಗು, ದಿಂಬು ತುಂಬಿ ಗಾಳಿ ಎಳೆದು ಚಪ್ಪಟೆ ಮಾಡಿಡುವ ವ್ಯಾಕ್ಯೂಮ್ ಚೀಲಗಳ ವಿಷಯ ಇದು. ಶಿರಸಿ, ಸಿದ್ದಾಪುರ ಕಡೆಯ ಹೆಂಚಿನ ಮನೆಗಳಲ್ಲಿ, ಕುಮಟಾದಿಂದ ಕಾರವಾರದವರೆಗಿನ ಮನೆ, ಫ್ಲ್ಯಾಟುಗಳಲ್ಲಿ ಕಾಲಿಡಲು ಜಾಗವಿಲ್ಲದ ಕೋಣೆಗಳನ್ನು ಖಾಲಿ ಮಾಡಿ, ಸಾಮಾನು ವಿಂಗಡಿಸಿ, ಮತ್ತೆ ಜೋಡಿಸಿಕೊಡುವಾಗ ಇವನ್ನು ಹಲವು ಮಳೆಗಾಲ ಬಳಸಿ ಆಗಿದೆ. ಅಳತೆ, ಪದರ, ಗಾಳಿ ಎಳೆಯುವ ತೂತಿನ ವಾಲ್ವ್ ಎಲ್ಲ ಮಾರುವವರ ಚಿತ್ರದಲ್ಲೇ ಇರುತ್ತವೆ. ಮಳೆಯ ವಿಷಯ ಮಾತ್ರ ಅಲ್ಲಿ ಸಿಗುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುವ ಊರಲ್ಲಿ ಈ ಚೀಲ ಹೇಗೆ ನಡೆದುಕೊಳ್ಳುತ್ತದೆ ಎನ್ನುವುದೇ ನಮಗೆ ಮುಖ್ಯ.

ಮೊದಲು ಇದರ ಗುಣ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಮೆತ್ತು ಎನ್ನುವ ಮಹಡಿ, ಅಟ್ಟ, ನಾಗಂದಿಗೆ ತುಂಬುವುದು ಹೆಚ್ಚಾಗಿ ಪಾತ್ರೆಗಳಿಂದಲ್ಲ, ಹಾಸಿಗೆಯಿಂದ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ಬಂದರೆ ಇಪ್ಪತ್ತು ಜನಕ್ಕೆ ಹಾಸಲು ಹೊದೆಯಲು ಬೇಕು. ಮುಂದಿನ ಜಾತ್ರೆಯವರೆಗೆ ಅದೇ ಗಂಟು ಒಂದು ಕೋಣೆಯನ್ನು ನುಂಗಿ ಕೂತಿರುತ್ತದೆ. ಪಾಲಿಯೆಸ್ಟರ್ ಫೈಬರ್ ತುಂಬಿದ ರಜಾಯಿ, ಫೈಬರ್ ದಿಂಬು ಈ ಚೀಲದೊಳಗೆ ಹೋದರೆ ಮೂರರಲ್ಲೊಂದು, ಕೆಲವು ಸಲ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತವೆ. ಗೋಡೆಗೆ ಒತ್ತಿ ಪೇರಿಸಿದ್ದ ರಾಶಿ ಮಂಚದಡಿ ಸೇರಿ, ಕೋಣೆಯ ಕಿಟಕಿ ಮತ್ತೆ ತೆರೆಯುವಂತಾಗುತ್ತದೆ. ಸಾವಿರ ರೂಪಾಯಿಯೊಳಗೆ ಇಷ್ಟು ಜಾಗ ಬಿಡಿಸಿಕೊಡುವ ಬೇರೆ ವಸ್ತು ಕಂಡಿಲ್ಲ.

ಆದರೆ ಕುಗ್ಗುವುದು ಗಾಳಿ, ಬಟ್ಟೆ ಅಲ್ಲ. ಒಳಗೆ ಗಾಳಿ ಹಿಡಿದುಕೊಂಡ ವಸ್ತುವಿಗಷ್ಟೇ ಇದರ ಪ್ರಯೋಜನ. ಕೌದಿ, ಕಂಬಳಿ, ಜಮಖಾನೆ, ಚಾದರಗಳಲ್ಲಿ ಗಾಳಿ ಇರುವುದೇ ಕಡಿಮೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ಕೌದಿಯನ್ನು ಎಷ್ಟು ಪಂಪು ಹೊಡೆದರೂ ಅದು ಮೊದಲಿದ್ದಷ್ಟೇ ದಪ್ಪ ಇರುತ್ತದೆ, ಮಡಿಕೆಯ ಗೆರೆ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಅಂಥವನ್ನು ಕಬ್ಬಿಣದ ಟ್ರಂಕಿನಲ್ಲಿ ಹಳೇ ಪಂಚೆ ಸುತ್ತಿ ಇಡುವುದೇ ಸರಿ. ಹತ್ತಿಯ ಗಾದಿಯನ್ನಂತೂ ಹಾಕಲೇಬೇಡಿ. ಹತ್ತಿ ಗಂಟುಗಂಟಾಗಿ ಸೇರಿಕೊಂಡು, ಹಿಂಜುವವರ ಕೈಗೆ ಕೊಡದೆ ಸರಿಹೋಗುವುದಿಲ್ಲ. ಬೂರುಗದ ಹತ್ತಿಯ ದಿಂಬೂ ಬೇಡ, ಅದರ ಎಳೆ ಪೆಡಸು, ತಿಂಗಳುಗಟ್ಟಲೆ ಒತ್ತಿಟ್ಟರೆ ಮುರಿದು ಪುಡಿಯಾಗುತ್ತದೆ. ಜರಿಯ ರೇಷ್ಮೆ ಸೀರೆಗೆ ಬೇಕಾದದ್ದು ಹತ್ತಿ ಬಟ್ಟೆಯ ಹೊದಿಕೆ, ಉಸಿರಾಡುವ ಕಪಾಟು, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾವಣೆ. ಈ ಮೂರರಲ್ಲಿ ಒಂದನ್ನೂ ಚೀಲ ಕೊಡಲಾರದು.

ತುಂಬುವ ಕೆಲಸದಲ್ಲಿ ಒಂದು ಖುಷಿ ಇದೆ, ಅದನ್ನು ಅವಸರದಲ್ಲಿ ಮುಗಿಸಬಾರದು. ನೆಲಕ್ಕೆ ಚಾಪೆ ಹಾಸಿ ಅದರ ಮೇಲೆ ಚೀಲ ಬಿಚ್ಚಿ. ಬರೀ ನೆಲದ ಮರಳಿನ ಕಣವೊಂದು ಸಾಕು ಸೂಜಿಮೊನೆಯಷ್ಟು ತೂತಾಗಲು. ರಜಾಯಿಯನ್ನು ಚೀಲದ ಅಳತೆಗಿಂತ ನಾಲ್ಕು ಬೆರಳು ಕಡಿಮೆ ಇರುವಂತೆ ಮಡಚಿ. ದಿಂಬಿನ ಕವರಿಗೆ ಜಿಪ್ಪಿದ್ದರೆ ಕವರ್ ಬೇರೆ ಮಾಡಿ, ಇಲ್ಲವಾದರೆ ಆ ಜಿಪ್ಪಿನ ತುದಿ ಒಳಗಿಂದಲೇ ಚುಚ್ಚುತ್ತದೆ. ಗುರುತಿನ ಗೆರೆ ದಾಟಿ ತುಂಬಬಾರದು. ಆಮೇಲೆ ಬಾಯಿಯ ಎರಡು ಗೀರುಗಳನ್ನು ಒಣಬಟ್ಟೆಯಿಂದ ಒರೆಸಿ, ಏಕೆಂದರೆ ರಗ್ಗಿನ ಒಂದೇ ಒಂದು ನೂಲೆಳೆ ಅಲ್ಲಿ ಸಿಕ್ಕಿಕೊಂಡರೆ ಬೆಳಗಾಗುವುದರೊಳಗೆ ಗಾಳಿ ಸೇರಿಕೊಂಡಿರುತ್ತದೆ. ಸ್ಲೈಡರನ್ನು ಒಮ್ಮೆ ಆಚೆ, ಒಮ್ಮೆ ಈಚೆ ಎಳೆದು, ಎರಡೂ ತುದಿಯ ಒಂದಂಗುಲವನ್ನು ಹೆಬ್ಬೆರಳಿನಿಂದ ಒತ್ತಿಯೇ ಮುಚ್ಚಬೇಕು. ಸ್ಲೈಡರ್ ಆ ಮೂಲೆಯವರೆಗೆ ಹೋಗಿ ತಲುಪುವುದೇ ಇಲ್ಲ. "ಚೀಲ ಕೆಟ್ಟುಹೋಯ್ತು" ಅಂತ ಎಸೆಯಲು ಇಟ್ಟವುಗಳನ್ನು ಎತ್ತಿ ನೋಡಿದರೆ ಬಹುಪಾಲು ಕೆಟ್ಟಿರುವುದಿಲ್ಲ, ಈ ಮೂಲೆ ಬಿಟ್ಟುಕೊಂಡಿರುತ್ತದೆ.

ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಒಂದು ಚೀಲಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಹಚ್ಚಿಡಬೇಡಿ. ಗಾಳಿಯ ಓಟ ನಿಂತ ಕೂಡಲೇ ಮೋಟಾರು ಕಾಯಲು ಶುರುವಾಗುತ್ತದೆ. ಕೈಪಂಪು ನಿಧಾನ, ಆದರೆ ಕೆಲಸಕ್ಕೆ ಸಾಕು. ಚೀಲ ಕಲ್ಲಿನಷ್ಟು ಗಟ್ಟಿಯಾಗುವವರೆಗೆ ಎಳೆಯುವ ಅಗತ್ಯವೂ ಇಲ್ಲ, ಒತ್ತಿದರೆ ಸ್ವಲ್ಪ ಬಗ್ಗುವಂತಿರುವಾಗಲೇ ನಿಲ್ಲಿಸಿದರೆ ಫೈಬರ್ ಬಿಚ್ಚಿದ ಮೇಲೆ ಚೆನ್ನಾಗಿ ಉಬ್ಬುತ್ತದೆ. ನಂತರ ಆ ರಾತ್ರಿ ಜಗಲಿಯಲ್ಲೇ ಬಿಡಿ. ಬೆಳಿಗ್ಗೆ ಉಬ್ಬಿದ್ದು ಯಾವುದು ನೋಡಿ, ಅದರ ಬಾಯಿ ಮತ್ತೆ ಒರೆಸಿ ಮುಚ್ಚಿ. ಆಮೇಲಷ್ಟೇ ಮೇಲಕ್ಕೆ. ನೇರ ಮೆತ್ತಿಗೆ ಏರಿಸಿದ ಚೀಲದಲ್ಲಿ ಗಾಳಿ ಸೇರಿದ್ದು ಗೊತ್ತಾಗುವುದು ನೆಂಟರು ಬಂದ ದಿನ.

ಈವರೆಗಿನದು ಒಣ ದಿನಗಳ ಮಾತು. ಶಿರಸಿಯ ಜಾತ್ರೆ ಬೇಸಿಗೆಯ ಬಾಗಿಲಲ್ಲೇ ಬರುವುದರಿಂದ ಅಲ್ಲಿನವರಿಗೆ ಎಲ್ಲ ಕೂಡಿ ಬರುತ್ತದೆ. ನೆಂಟರು ಹೊರಟ ಮೇಲೆ ತೊಳೆದು, ಎರಡು ದಿನ ಅಂಗಳದ ಬಿಸಿಲಿಗೆ ಹಾಕಿ, ಮಧ್ಯಾಹ್ನ ಮೂರರೊಳಗೆ ಒಳಗೆ ತಂದು, ಬಿಸಿ ಆರಿದ ಕೂಡಲೇ ತುಂಬಿದರೆ ಮುಂದಿನ ಜಾತ್ರೆಗೆ ತೆಗೆದಾಗಲೂ ವಾಸನೆ ಇರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅಂಗಳದಲ್ಲೇ ಬಿಟ್ಟರೆ ಹಗಲು ಹೋದ ನೀರೆಲ್ಲ ರಾತ್ರಿ ವಾಪಸು ಬರುತ್ತದೆ.

ಕರಾವಳಿಯವರ ಪಾಡು ಬೇರೆ. ಅಲ್ಲಿ ಮೂಲಮನೆ ತುಂಬುವುದು ಚೌತಿಗೆ. ಮುಂಬೈ, ಗೋವಾ, ಬೆಂಗಳೂರಿನಲ್ಲಿರುವ ಅಣ್ಣತಮ್ಮಂದಿರೆಲ್ಲ ಒಂದೇ ಗಣಪತಿಯ ಮುಂದೆ ಸೇರುವುದು ಆಗಸ್ಟ್ ಕೊನೆಗೋ ಸೆಪ್ಟೆಂಬರಿಗೋ, ಮಳೆ ಇನ್ನೂ ಹೊಯ್ಯುತ್ತಿರುವಾಗ. ಬೇಸಿಗೆಯಲ್ಲಿ ಅಷ್ಟು ಚಂದ ಮಾಡಿ ಮುಚ್ಚಿಟ್ಟ ಚೀಲಗಳೆಲ್ಲ ಅಂದು ಬಾಯಿ ತೆರೆಯುತ್ತವೆ. ಗಣಪತಿ ಕಳಿಸಿ, ಎಲ್ಲರೂ ಬಸ್ಸು ರೈಲು ಹತ್ತಿದ ಸಂಜೆ, ಚೀಲ ಹೇಗೂ ಇದೆಯಲ್ಲ ಎಂದು ಹಾಸಿಗೆಗಳನ್ನು ಹಾಗೇ ತುಂಬಿ ಗಾಳಿ ಎಳೆದುಬಿಡುತ್ತಾರೆ. ದೀಪಾವಳಿಗೆ ಬಿಚ್ಚಿದರೆ ಮುಗ್ಗಲು ವಾಸನೆ, ಮಡಿಕೆಯ ಒಳಗೆ ಕಪ್ಪು ಚುಕ್ಕೆ. ಆ ಚುಕ್ಕೆ ಬೂಷ್ಟು. ಬಿಸಿಲಿಗೆ ಹಾಕಿದರೆ ವಾಸನೆ ಹೋದರೂ ಕಲೆ ಹೋಗುವುದಿಲ್ಲ.

ಕಾರಣ ಸರಳ. ಪಂಪು ಗಾಳಿಯನ್ನು ಎಳೆಯುತ್ತದೆ, ನೀರನ್ನಲ್ಲ. ಹವೆಯ ತೇವ ಶೇಕಡಾ 65ರಷ್ಟಿದ್ದಾಗಲೇ 2 ಕೆಜಿ ಹತ್ತಿ ರಗ್ಗಿನ ಎಳೆಗಳಲ್ಲಿ ಸುಮಾರು 150 ಗ್ರಾಂ ನೀರು ಕೂತಿರುತ್ತದೆ, ಮುಟ್ಟಿದರೆ ಒಣಗಿದಂತೆಯೇ ಅನಿಸುತ್ತದೆ. ಮಳೆಗಾಲದ ತೇವದಲ್ಲಿ ಅದು ಇನ್ನೂ ಏರುತ್ತದೆ, ಜೊತೆಗೆ ಮಲಗಿದವರ ಬೆವರು. ಅಷ್ಟನ್ನೂ ಚೀಲ ಒಳಗೇ ಕಾಯ್ದಿಡುತ್ತದೆ. ಕೈಪಂಪು ಎಳೆದ ಮೇಲೂ ಒಂದಿಷ್ಟು ಗಾಳಿ ಉಳಿದೇ ಇರುತ್ತದೆ, ಮೂಲೆಯಲ್ಲಿ ಇನ್ನೊಂದಿಷ್ಟು ನುಸುಳುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಹಂಚಿನಡಿಯ ಅಟ್ಟ ಹಗಲು ಕಾದು ರಾತ್ರಿ ತಣ್ಣಗಾದಾಗ ಪ್ಲಾಸ್ಟಿಕ್ಕಿನ ಒಳಮೈ ಬೆವರುತ್ತದೆ, ಆ ಹನಿ ತಾಗುವ ಹೊರಮಡಿಕೆಯಲ್ಲೇ ಚುಕ್ಕೆ ಮೊದಲು ಏಳುತ್ತದೆ. ತೇವದಿಂದ, ಬೂಷ್ಟಿನಿಂದ ರಕ್ಷಣೆ ಎಂದು ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಹೊರಗಿನ ತೇವಕ್ಕೆ ಅದು ನಿಜ. ಒಳಗೆ ಸೇರಿಸಿ ಮುಚ್ಚಿದ ತೇವದ ಬಗ್ಗೆ ಒಂದಕ್ಷರ ಇಲ್ಲ, ಅದಕ್ಕೇ ಕರಾವಳಿಯವರಿಗೆ ಒಂದು ಅಂಕ ಕಡಿಮೆ.

ಸಿಲಿಕಾ ಜೆಲ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. 50 ಗ್ರಾಂ ಪೊಟ್ಟಣ ಹೆಚ್ಚೆಂದರೆ 15-20 ಗ್ರಾಂ ನೀರು ಹೀರುತ್ತದೆ. ಒಣಗಿದ ರಗ್ಗನ್ನು ಒಣಗಿದ್ದ ಹಾಗೇ ಇಡಲು ಅದು ನೆರವಾಗುತ್ತದೆ, ಒದ್ದೆ ರಗ್ಗನ್ನು ಒಣಗಿಸಲಾರದು. ಅಲಮಾರಿಯಲ್ಲಿ ತೂಗುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ಇದರೊಳಗೆ ಇಡಲೇಬಾರದು. ಅದು ನೀರಾಗಿ ಕರಗುತ್ತದೆ, ಒಡೆದರೆ ಬಟ್ಟೆಗೆ ಅಂಟಿಕೊಂಡು ಮತ್ತೆ ಮತ್ತೆ ತೇವ ಎಳೆಯುತ್ತಲೇ ಇರುತ್ತದೆ.

ಹಾಗಂತ ಕರಾವಳಿಯವರು ಚೀಲ ಎಸೆಯಬೇಕಿಲ್ಲ. ಹಾಸಿಗೆಯನ್ನು ಎರಡು ಪಾಲು ಮಾಡುವುದು ಚೆನ್ನಾಗಿ ಒಗ್ಗಿದೆ. ಚೌತಿಯ ಪಾಲು ಪೂರ್ತಿ ಫೈಬರಿನದ್ದಿರಲಿ. ಪಾಲಿಯೆಸ್ಟರ್ ಎಳೆ ತನ್ನ ತೂಕದ ಶೇಕಡಾ ಅರ್ಧದಷ್ಟೂ ನೀರು ಹಿಡಿಯುವುದಿಲ್ಲ, ಹಬ್ಬ ಮುಗಿದ ಮೇಲೆ ಹೊರಹೊದಿಕೆ ತೆಗೆದು ಎರಡು ದಿನ ಹಗ್ಗದ ಮೇಲೆ ಹರವಿ ಫ್ಯಾನ್ ಹಾಕಿದರೆ ಸುಧಾರಿಸಿಕೊಳ್ಳುತ್ತದೆ. ಹತ್ತಿಯ ರಗ್ಗುಗಳು ಬೇಸಿಗೆಯ ನೆಂಟರ ಪಾಲಿಗೆ. ಅಂಕೋಲೆಯ ಬಂಡಿಹಬ್ಬ, ಮೇ ರಜೆ ಮುಗಿಯುತ್ತಲೇ, ಮಳೆ ಹಿಡಿಯುವ ಮೊದಲು ಮುಚ್ಚಿದರೆ ನವೆಂಬರಿನವರೆಗೆ ಬಿಚ್ಚುವ ಪ್ರಸಂಗವೇ ಬರಬಾರದು. ಚೌತಿಗೆ ಅವನ್ನೂ ಬಿಚ್ಚಲೇಬೇಕಾಯಿತೆಂದರೆ ವಾಪಸು ಚೀಲಕ್ಕೆ ಬೇಡ. ಹಳೇ ಹತ್ತಿ ಸೀರೆಯಲ್ಲಿ ಸಡಿಲವಾಗಿ ಸುತ್ತಿ, ಗೋಡೆಗೆ ತಾಗದಂತೆ ತೆರೆದ ಹಲಗೆಯ ಮೇಲೆ ಇಟ್ಟು ಮಳೆ ಬಿಡಲು ಕಾಯಿರಿ. ಜಾಗ ಹೋದೀತು, ರಗ್ಗು ಉಳಿಯುತ್ತದೆ. ಘಟ್ಟದ ಮೇಲಾದರೆ ಬಚ್ಚಲ ಒಲೆಯ ಮೇಲಿನ ಅಟ್ಟದ ಬಿಸಿ ಈ ಕೆಲಸಕ್ಕೆ ಬರುತ್ತದೆ, ಹೊಗೆ ವಾಸನೆ ಒಪ್ಪುವವರಿಗೆ.

ಒಣಗಿದೆಯೋ ಇಲ್ಲವೋ ಎನ್ನುವುದನ್ನು ಕೈಗೆ ಕೇಳಬೇಡಿ, ತಕ್ಕಡಿಗೆ ಕೇಳಿ. ಪ್ರಯಾಣದ ಬ್ಯಾಗ್ ತೂಗುವ ಸಣ್ಣ ಕೊಕ್ಕೆಯ ತಕ್ಕಡಿ ಸಾಕು. ಮಾರ್ಚಿನ ಬಿಸಿಲಲ್ಲಿ ಪೂರ್ತಿ ಒಣಗಿದ ದಿನ ರಗ್ಗಿನ ತೂಕ ನೋಡಿ ಚೀಟಿಯಲ್ಲಿ ಬರೆಯಿರಿ: "ಮಾರ್ಚ್, ನೀಲಿ ರಗ್ಗು, 2 ಕೆಜಿ 100." ಚೀಟಿಯ ಮುಖ ಹೊರಕ್ಕೆ ಕಾಣುವಂತೆ ಚೀಲದೊಳಗೇ ಇಡಿ. ಮುಂದಿನ ಸಲ ಮುಚ್ಚುವ ಮೊದಲು ಮತ್ತೆ ತೂಗಿದಾಗ 100 ಗ್ರಾಂ ಹೆಚ್ಚು ತೋರಿಸಿದರೆ ಅದಿನ್ನೂ ಒಣಗಿಲ್ಲ, ಎಷ್ಟೇ ಗರಿಗರಿ ಅನಿಸಿದರೂ. ಎಲ್ಲಿ ಏನಿದೆ ಎನ್ನುವ ಪಟ್ಟಿಯೂ ಇದೇ ಚೀಟಿಯಿಂದ ಆಗಿಬಿಡುತ್ತದೆ.

ಇನ್ನೊಂದು ಶತ್ರು ಇಲಿ. ಪಾತ್ರೆಯ ಗೂಡನ್ನು ಬಿಟ್ಟರೂ ಹೊದಿಕೆಯ ವಾಸನೆಯ ಪ್ಲಾಸ್ಟಿಕ್ಕನ್ನು ಅದು ಬಿಡುವುದಿಲ್ಲ, ಒಂದು ಕಚ್ಚಿಗೆ ಚೀಲ ಮುಗಿದ ಹಾಗೆ. ಹೀಗಾಗಿ ಹಳೇ ಟ್ರಂಕನ್ನು ಗುಜರಿಗೆ ಹಾಕಿ ಅದರ ಜಾಗಕ್ಕೆ ಚೀಲ ತರುವುದು ತಪ್ಪು ಲೆಕ್ಕ. ಚೀಲ ಟ್ರಂಕಿನೊಳಗೇ ಹೋಗಲಿ. ಮೊದಲು ಎರಡು ರಜಾಯಿ ಹಿಡಿಯುತ್ತಿದ್ದ ಟ್ರಂಕಿನಲ್ಲಿ ಈಗ ಐದಾರು ಹಿಡಿಯುತ್ತವೆ, ನುಣುಪಾದ ಚೀಲ ನಾಗಂದಿಗೆಯಿಂದ ಜಾರಿ ತಲೆ ಮೇಲೆ ಬೀಳುವ ಭಯವೂ ಇಲ್ಲ. ಕಾರವಾರದ ಉಪ್ಪುಗಾಳಿಗೆ ಟ್ರಂಕಿನ ತಳ ತುಕ್ಕು ಹಿಡಿಯುತ್ತದೆ, ನಾಲ್ಕು ಇಟ್ಟಿಗೆಯ ಮೇಲೆ ಎತ್ತಿ ಇಡಿ.

ವಿಂಗಡಣೆಯ ಮೊದಲು ಚೀಲ ಮನೆಗೆ ಬರಬಾರದು, ಇದನ್ನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಚೀಲ ಕೈಯಲ್ಲಿದ್ದರೆ ಯಾರಿಗೂ ಏನನ್ನೂ ಬಿಡುವ ಮನಸ್ಸಾಗುವುದಿಲ್ಲ, ಹರಿದ ರಗ್ಗೂ ಚಪ್ಪಟೆಯಾಗಿ ಮೇಲೇರುತ್ತದೆ. ಒಂದೇ ರಾತ್ರಿ ಮನೆಯಲ್ಲಿ ಮಲಗಿದ ಜನ ಅತಿ ಹೆಚ್ಚೆಂದರೆ ಎಷ್ಟು ಎಂದು ಮನೆಯ ಹಿರಿಯರನ್ನು ಕೇಳಿ. ಆ ಸಂಖ್ಯೆಗೆ ಎರಡು ಸೇರಿಸಿ. ಅಷ್ಟು ಜೊತೆ ಹಾಸಿಗೆ, ಹೊದಿಕೆ, ದಿಂಬು ಎತ್ತಿಟ್ಟು ಉಳಿದದ್ದು ಅಂಗಳಕ್ಕೆ. ಎರಡು ಬಿಸಿಲಿಗೂ ವಾಸನೆ ಬಿಡದ್ದು ಹೋಗಬೇಕು. ಹತ್ತಿ ಗಟ್ಟಿ ಇದ್ದ ಗಾದಿ ಹಿಂಜುವವರಿಗೆ. ಎರಡು ಹಳೆಯದರಲ್ಲಿ ಒಂದು ಹೊಸದಾಗುತ್ತದೆ. ಮೆತ್ತಗಾದ ಹತ್ತಿ ಸೀರೆಗಳನ್ನು ಕೂಲಿ ಕೊಟ್ಟು ಕೌದಿ ಹೊಲಿಸಿದರೆ ರಾಶಿ ಕರಗಿ ಒಂದು ಬಾಳಿಕೆಯ ವಸ್ತು ಉಳಿಯುತ್ತದೆ. ಅಮ್ಮನ ಸೀರೆ ಅಂತ ಬಿಡಲಾರದೆ ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ಮುಂದೆ ಅದನ್ನು ದಿನವೂ ಹೊದೆಯಬಹುದು.

ಕೊಳ್ಳುವುದಾದರೆ ಜಂಬೋ ಅಳತೆ ಬೇಡ. ಅದರಲ್ಲಿ ಮೂರ್ನಾಲ್ಕು ರಜಾಯಿ ಹಿಡಿದರೂ ಏಳೆಂಟು ಕೆಜಿಯ ಹಲಗೆಯಾಗುತ್ತದೆ, ಅದನ್ನು ಹೊತ್ತು ಮೆತ್ತಿನ ಏಣಿ ಹತ್ತುವವರು ಯಾರು? ಒಂದು ರಜಾಯಿ ಬೇಕೆಂದರೂ ನಾಲ್ಕನ್ನೂ ಬಿಚ್ಚಬೇಕು. 60×80 ಸೆಂಟಿಮೀಟರಿನದ್ದು, ಇಲ್ಲವೇ ಅದಕ್ಕಿಂತ ಒಂದು ಅಳತೆ ದೊಡ್ಡದು, ಕೈಪಂಪಿನ ಜೊತೆ ಆರರ ಸೆಟ್ಟು ಸಾಕು. ಫೆಬ್ರವರಿಯಲ್ಲೇ ತರಿಸಿ. ಬಂದ ದಿನವೇ ಪ್ರತಿ ಚೀಲಕ್ಕೂ ಒಂದೊಂದು ದಿಂಬು ತುಂಬಿ ಗಾಳಿ ಎಳೆದು ರಾತ್ರಿ ಬಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಬಾಯಿ ಒರೆಸಿ ಇನ್ನೊಮ್ಮೆ ನೋಡಿ. ಮತ್ತೂ ಉಬ್ಬಿದರೆ ವಾಲ್ವಿನ ಸುತ್ತ ಸೋಪುನೀರು ಸವರಿ ಒತ್ತಿ, ಗುಳ್ಳೆ ಬಂದರೆ ವಾಲ್ವೇ ಕೆಟ್ಟದ್ದು. ಅಂಥದ್ದನ್ನು ವಾಪಸು ಮಾಡುವ ಗಡುವು ಮುಗಿಯುವುದರೊಳಗೆ ಕಳಿಸಿಬಿಡಿ.