ಕ್ಯಾಂಪರ್ ವ್ಯಾನ್ ಮಾಡಿಸುವವರೇ, ಪ್ಲೈವುಡ್ ಹೊಡೆಯುವ ಮೊದಲು ಒಮ್ಮೆ ಒಳಗೆ ನೋಡಿ

ಹಳೆ ಟೆಂಪೋ ಟ್ರಾವೆಲರ್ ತಗೊಂಡು ಅದರೊಳಗೆ ಮಂಚ, ಅಡುಗೆ ಕಟ್ಟೆ ಎಲ್ಲ ಮಾಡಿಸಲು ಹೊರಟವರು ಯಾರಾದರೂ ಇದ್ದರೆ, ಗ್ಯಾರೇಜಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ಕೊಟ್ಟಾಗಿದೆಯಾ? ಹಾಗಾದರೆ ನಾಳೆ ಬೆಳಿಗ್ಗೆಯೇ ಹೋಗಿ ಪ್ಲೈವುಡ್ ಹೊಡೆಯುವುದನ್ನು ನಿಲ್ಲಿಸಿ.

ನಾವು ಉಡುಪಿಯವರು. ನಿವೃತ್ತಿ ಆದ ಮೇಲೆ ಯಜಮಾನರಿಗೆ ಊರೂರು ಸುತ್ತುವ ಆಸೆ, ನನಗೆ ಹೋಟೆಲಿನ ಹಾಸಿಗೆ ಅಂದರೆ ಆಗುವುದೇ ಇಲ್ಲ, ಇಬ್ಬರಿಗೂ ಒಪ್ಪುವ ದಾರಿ ಅಂದರೆ ಇದೊಂದೇ ಅಂತ ಗಾಡಿ ತಗೊಂಡೆವು. ಕೆಲಸಕ್ಕೆ ಕೊಟ್ಟದ್ದು ಮಂಗಳೂರಿನ ಒಂದು ಗ್ಯಾರೇಜಿಗೆ. ಹೆಸರು ಹೇಳುವುದಿಲ್ಲ. ಮಾತು ಮಾತ್ರ ಜೇನು. "ಎಂತ ಅಕ್ಕ, ನೀವು ಮಂಡೆಬಿಸಿ ಮಾಡ್ಬೇಡಿ, ನಾನಿಲ್ವಾ" ಅಂದ. 4,60,000 ರೂಪಾಯಿಗೆ ಮಾತಾಯಿತು, 4,20,000 ಕೊಟ್ಟೆವು. ವಾರಕ್ಕೊಂದು ವಿಡಿಯೋ ಬರುತ್ತಿತ್ತು. ನೀಲಿ ಲೈಟು, ಮಡಚುವ ಸೋಫಾ, ಹಾಲಿನ ಬಣ್ಣದ ಲ್ಯಾಮಿನೇಟ್. ನಾನು ಅದನ್ನೇ ಅಕ್ಕತಂಗಿಯರಿಗೆಲ್ಲ ಕಳಿಸಿ ಹೊಗಳಿಸಿಕೊಂಡೆ. ಗೋಡೆಯ ಹಿಂದೆ ಏನಿದೆ ಅಂತ ಒಂದು ಫೋಟೋ ಕೂಡ ಕೇಳಲಿಲ್ಲ. ಈಗ ನೆನಪಾದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮೇ ಕೊನೆಗೆ ಗಾಡಿ ಬಂತು. ಮಳೆಗಾಲ ಪೂರ್ತಿ ಅಂಗಳದಲ್ಲಿ ನಿಂತಿತ್ತು. ಡಿಸೆಂಬರ್‌ನಲ್ಲಿ ಮೊದಲ ಸಲ ರಾತ್ರಿ ಉಳಿಯಲು ಮರವಂತೆಗೆ ಹೋದೆವು. ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ, ಗಮ್ಮತ್ತಿನ ಜಾಗ. ಅಲ್ಲಿ ಇನ್ನೂ ಮೂರು ಕ್ಯಾಂಪರ್ ಗಾಡಿಗಳು ಬಂದಿದ್ದವು. ಸಂಜೆ ಚಾ ಮಾಡೋಣ ಅಂತ ಇಂಡಕ್ಷನ್ ಹಾಕಿದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಪಾತ್ರೆಯ ಹಿಡಿ ಇರಬೇಕು ಅಂದುಕೊಂಡೆ. ಯಜಮಾನರು ಮಂಚದ ಪಕ್ಕದ ಪ್ಲೈ ಮುಟ್ಟಿದವರು ಕೈ ಹಿಂದೆ ಎಳೆದರು, ಅಷ್ಟು ಬಿಸಿ.

ಪಕ್ಕದ ಗಾಡಿಯಲ್ಲಿದ್ದ ಕುಂದಾಪುರದ ಹಿರಿಯರೊಬ್ಬರು ಓಡಿ ಬಂದರು. ಹಡಗಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿದವರು. "ಫ್ಯೂಸ್ ಎಲ್ಲುಂಟು?" ಅಂದರು. ನಮಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ, ಇರಲೇ ಇಲ್ಲ ಮಾರಾಯ್ರೆ! ಅವರೇ ಸ್ಪ್ಯಾನರ್ ತಂದು ಬ್ಯಾಟರಿ ಟರ್ಮಿನಲ್ ಬಿಚ್ಚಿದರು. ಆಮೇಲೆ ಪ್ಲೈ ಕಿತ್ತರು, ಸ್ಕ್ರೂ ಹಾಕದೆ ಬರೀ ಗಮ್ಮಿನಲ್ಲಿ ಅಂಟಿಸಿದ್ದರಿಂದ ಮುರಿದೇ ತೆಗೆಯಬೇಕಾಯಿತು.

ಅವರು ಹೇಳಿದ ಲೆಕ್ಕ ಹೀಗೆ. ಮನೆಯಲ್ಲಿ 230 ವೋಲ್ಟ್ ಇರುವುದರಿಂದ 1,500 ವ್ಯಾಟ್ ಒಲೆಗೆ ಆರೂವರೆ ಆಂಪಿಯರ್ ಸಾಕು. ಅದೇ ಒಲೆಯನ್ನು 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಓಡಿಸಿದರೆ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ವೈರಿನಲ್ಲಿ 125 ಆಂಪಿಯರ್‌ಗಿಂತ ಜಾಸ್ತಿ ಹರಿಯುತ್ತದೆ. ಅಲ್ಲಿಗೆ ಕಿರುಬೆರಳಿನ ದಪ್ಪದ ಕೇಬಲ್ ಬೇಕು. ನಮ್ಮ ಗ್ಯಾರೇಜಿನವನು ಮೀಟರ್ ಬೋರ್ಡಿನಿಂದ ಮನೆಯೊಳಗೆ ಎಳೆಯುವಂಥ 10 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದ. ಬ್ಯಾಟರಿಯ ಹತ್ತಿರವೇ ಆ ವೈರಿಗೆ ತಕ್ಕ ಒಂದು ಫ್ಯೂಸ್ ಇದ್ದಿದ್ದರೆ ಅದು ಹಾರಿ ಸುಮ್ಮನಾಗುತ್ತಿತ್ತು. ಅದಕ್ಕೆ ಆಗುವ ಖರ್ಚು ಆ ನೀಲಿ ಲೈಟಿಗಿಂತ ಕಡಿಮೆ.

ವೈರು ನೋಡಲು ಹೋದವರಿಗೆ ತುಕ್ಕು ಸಿಕ್ಕಿತು. ಫ್ಯಾನ್ ಕೂರಿಸಲು ಗಾಡಿಯ ಮಾಡಿನ (ಮೇಲ್ಛಾವಣಿಯ) ತಗಡು ಕತ್ತರಿಸಿದ್ದಾನೆ ಅಲ್ವಾ, ಅದರ ಸುತ್ತ ಬಚ್ಚಲುಮನೆಗೆ ಬಳಿಯುವ ಸಾದಾ ಸಿಲಿಕೋನ್ ಬಳಿದಿದ್ದ. ಕತ್ತರಿಸಿದ ಅಂಚಿಗೆ ಪ್ರೈಮರ್ ಇಲ್ಲ. ಆಟಿ ತಿಂಗಳ (ಆಷಾಢದ) ಮಳೆ ಅಲ್ಲಿಂದ ಇಳಿದಿದೆ. ಬಿಸಿಲಿನ ಕಾವು ತಡೆಯಲು ಒಳಗೆ ತುಂಬಿಸಿದ್ದ ಗ್ಲಾಸ್ ವುಲ್ ಆ ನೀರನ್ನೆಲ್ಲ ಕುಡಿದು, ಡಿಸೆಂಬರ್‌ನಲ್ಲೂ ಹಿಂಡಿದರೆ ನೀರು ಬರುವ ಹಾಗಿತ್ತು. ಅದರ ಹಿಂದಿನ ತಗಡಿಗೆ ಬೆರಳು ಒತ್ತಿದರೆ ತೂತು. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ ಎರಡೂ ಗೊತ್ತಿರುವ ಮಂಗಳೂರಿನವನೇ ಹೀಗೆ ಮಾಡಿದರೆ ಯಾರಿಗೆ ಹೇಳುವುದು? ಬಿಲ್ಲಿನಲ್ಲಿ ಮರೀನ್ ಪ್ಲೈ ಅಂತ ಬರೆದಿತ್ತು. ಪ್ಲೈ ಹಾಳೆಯ ಮೇಲೆ ಐಎಸ್ 303 ಎಂಆರ್ ಅನ್ನುವ ಸೀಲ್ ಇತ್ತು, ಅಂದರೆ ಬರೀ ತೇವ ತಡೆಯುವ ಸಾದಾ ಪ್ಲೈ. ಮರೀನ್ ಆದರೆ ಐಎಸ್ 710 ಇರಬೇಕು. ಲ್ಯಾಮಿನೇಟ್ ಅಂಟಿಸುವ ಮೊದಲು ಹೋಗಿದ್ದರೆ ನಾವೇ ಓದಬಹುದಿತ್ತು.

ಗ್ಯಾಸ್ ಸಿಲಿಂಡರ್ ಇಟ್ಟ ಕಪಾಟು ನೋಡಿ ಹಿರಿಯರು ತಲೆ ಚಚ್ಚಿಕೊಂಡರು. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ, ಅದೂ ಮಂಚದ ಅಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಪೆಟ್ಟಿಗೆಯ ತಳದಲ್ಲಿ ಗಾಡಿಯ ಹೊರಗೆ ಹೋಗುವ ತೂತು ಇರಲೇಬೇಕಂತೆ. ಆ ರಾತ್ರಿ ಸಿಲಿಂಡರನ್ನು ಹೊರಗೆ ಇಟ್ಟೇ ಮಲಗಿದೆವು.

ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರದ ವಿಷಯ ಇನ್ನೊಂದು. "ಅದೆಲ್ಲ ಯಾರೂ ಕೇಳುದಿಲ್ಲ ಅಕ್ಕ" ಅಂದಿದ್ದ ಗ್ಯಾರೇಜಿನವನು. ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಬೇಕಾದ ಹಾಗೆ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಇದೆ. ಸೀಟು ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಇನ್ಶೂರೆನ್ಸಿನವರಿಗೂ ಬರೆದು ತಿಳಿಸಿ.

ಆದರೆ ನನಗೆ ನಿದ್ದೆ ಕೆಡಿಸಿದ್ದು ಇದ್ಯಾವುದೂ ಅಲ್ಲ. ಅವತ್ತು ರಾತ್ರಿ ಎಲ್ಲರೂ ಒಂದೇ ಕಡೆ ಗಂಜಿ ಊಟ ಮಾಡುತ್ತಿದ್ದಾಗ, ಉಳಿದ ಎರಡು ಗಾಡಿಯವರೂ ಮೆಲ್ಲ ಬಾಯಿ ಬಿಟ್ಟರು. ಅವರದ್ದೂ ಅದೇ ಗ್ಯಾರೇಜು! ಒಬ್ಬರದ್ದು ಮಾಡು ಸೋರಿದೆ, ಇನ್ನೊಬ್ಬರ ಇನ್ವರ್ಟರ್ ಸುಟ್ಟಿದೆ. ಇಬ್ಬರೂ ಯಾರಿಗೂ ಹೇಳಿಲ್ಲ. ಇಷ್ಟು ದುಡ್ಡು ಹಾಕಿ ಮೋಸ ಹೋದೆವು ಅಂತ ಹೇಳಲು ನಾಚಿಕೆ. ಅವರ ಚಂದದ ಫೋಟೋ ನೋಡಿಯೇ ನಾನು ಆ ಗ್ಯಾರೇಜಿಗೆ ಹೋದದ್ದು, ನನ್ನ ವಿಡಿಯೋ ನೋಡಿ ತಂಗಿಯ ಆಫೀಸಿನವರೊಬ್ಬರು 50,000 ಅಡ್ವಾನ್ಸ್ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಮೊದಲು ಅವರಿಗೇ ಫೋನ್ ಮಾಡಿದೆ.

ಹಾಗಾಗಿ ಗಾಡಿ ಮಾಡಿಸುವ ಮೊದಲು ಗಾಡಿ ಇದ್ದವರನ್ನು ಹುಡುಕಿ, ಮಲ್ಪೆಗೋ ಮರವಂತೆಗೋ ಹೋಗಿ ನಿಂತ ಗಾಡಿಯ ಬಾಗಿಲು ತಟ್ಟಿ. ತೋರಿಸುವುದು ನಮಗೆಲ್ಲ ಒಂದು ಚಟ, ಬೇಡ ಅಂದರೂ ತೋರಿಸುತ್ತೇವೆ. ಆದರೆ ಸೋಫಾ ನೋಡಿ ಬರಬೇಡಿ. ಮಳೆಗಾಲದಲ್ಲಿ ಏನಾಯಿತು ಅಂತ ಕೇಳಿ.

ಈಗ ನಮ್ಮ ಗಾಡಿ ಒಳಗಿನಿಂದ ಪೂರ್ತಿ ಬೆತ್ತಲೆ. ಭಾನುವಾರ ಆ ಹಿರಿಯರು ಬರುತ್ತಾರೆ, ತುಕ್ಕು ಕೆರೆದು ಪ್ರೈಮರ್ ಹೊಡೆದಾಗಿದೆ, ಈ ಸಲ ಹಲಗೆಗಳಿಗೆಲ್ಲ ಸ್ಟೀಲ್ ಸ್ಕ್ರೂ. ಗ್ಯಾರೇಜಿನವನು ಬಾಕಿ 40,000ಕ್ಕೆ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ನಾನು ಸುಟ್ಟ ವೈರಿನ ಫೋಟೋ ಕಳಿಸುತ್ತೇನೆ. ಆ ವಾರಕ್ಕೆ ಸುಮ್ಮನಾಗುತ್ತಾನೆ.