ಕಾಲೇಜಿನಲ್ಲಿ ಸುವಾರ್ತೆ: ಓದುವ ಗುಂಪೋ, ಪ್ರಶ್ನೋತ್ತರದ ಸಂಜೆಯೋ?

ಯೇಸುವಿನ ಸುವಾರ್ತೆ ಸಾರಲು ಕರಪತ್ರ ಹಂಚುವುದು ಫಲಿಸದಿದ್ದರೆ ಈ ಎರಡನ್ನು ಹೋಲಿಸಿ ನೋಡಿ.

ಓದುವ ಗುಂಪಿಗೆ ನಾಲ್ಕೈದು ಜನ, ವಾರಕ್ಕೆ 45 ನಿಮಿಷ ಸಾಕು. ಬೈಬಲಿನ ಮಾರ್ಕನ ಸುವಾರ್ತೆ ಹಿಡಿಯಿರಿ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. 2ನೇ ಅಧ್ಯಾಯದಲ್ಲಿ ನಾಲ್ವರು ಮಾಳಿಗೆ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು ಮೊದಲು ಎತ್ತುವ ಮಾತು ಕಾಯಿಲೆಯದಲ್ಲ, ಪಾಪಕ್ಷಮೆಯದು. ‘ಯಾಕಿರಬಹುದು?’ ಎಂದು ಕೇಳಿ ಸುಮ್ಮನಿರಿ. ಗುಂಪು ಕೆಡುವುದು ಇಲ್ಲೇ: ಮೌನ ತಡೆಯಲಾರದೆ ಮುಂದಾಳು ಉಪದೇಶ ಶುರುಮಾಡುತ್ತಾನೆ, ಮುಂದಿನ ವಾರ ಯಾರೂ ಬಾಯಿ ಬಿಡುವುದಿಲ್ಲ.

ಪ್ರಶ್ನೋತ್ತರಕ್ಕೆ 30–40 ಜನರನ್ನು ಕೂರಿಸಬಹುದು. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಸಿ, ಒಂದೊಂದಕ್ಕೆ ಮೂರು ನಿಮಿಷ ಕೊಡಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ವಾದದಲ್ಲಿ ಗೆದ್ದರೆ ಕೇಳಿದವನು ದೂರವಾಗುತ್ತಾನೆ. ಆಸಕ್ತಿ ಹುಟ್ಟಿದವರಿಗೆ ಮರುವಾರ ಕೂರಲು ಒಂದು ಗುಂಪಿಲ್ಲದಿದ್ದರೆ ಶ್ರಮವೆಲ್ಲ ಅಂದಿಗೇ ಮುಗಿಯಿತು. ಆದ್ದರಿಂದ ಮೊದಲು ಗುಂಪು ಕಟ್ಟಿ, ಸಂಜೆ ಆಮೇಲೆ.

ಯಾವುದೇ ಆಗಲಿ, ಕರೆಯುವಾಗಲೇ ಬೈಬಲ್ ವಿಷಯ ಎಂದು ಹೇಳಿಬಿಡಿ. ‘ವ್ಯಕ್ತಿತ್ವ ವಿಕಸನ’ ಎಂದು ಕರೆತಂದರೆ ನಂಬಿಕೆ ಮುರಿಯುತ್ತದೆ. ಫೀಸು, ಕೆಲಸದ ಆಸೆ ತೋರಿಸುವುದು ಸುವಾರ್ತೆಗೇ ಅವಮಾನ. ಕಾಲೇಜಿನ ಕೋಣೆ ಬೇಕಿದ್ದರೆ ಪ್ರಾಂಶುಪಾಲರಿಂದ ಲಿಖಿತ ಅನುಮತಿ ಪಡೆಯಿರಿ.